ಎರಿ ಮಣ್ಣಿನ ಮೇಲೆ 42 ಫರಸಿ

ಹಿತ್ತಿಲ ಬಾಗಿಲಿನ ತನಕ ಬಂದು ಅವ್ವ ನಿಂತುಬಿಡುತ್ತಿದ್ದಳು. ವಾಕರಿನ ಮುಂದಿನ ಎರಡು ಕಾಲು ಹೊಸ್ತಿಲಿಗೆ ತಾಗಿಸಿ, ಹೊರಗೆ ನೋಡುತ್ತ ಹತ್ತು ನಿಮಿಷ. ಆಮೇಲೆ ನಿಧಾನಕ್ಕೆ ತಿರುಗಿ ಒಳಕ್ಕೆ. ನೋಡಲು ಅಲ್ಲಿ ಅಂಥದ್ದೇನೂ ಇರಲಿಲ್ಲ. ಪುಣೆಯ ಪೂರ್ವದ ಅಂಚಿನಲ್ಲಿ ರೋ ಹೌಸುಗಳ ಒಂದು ಸಾಲು, ಅದರಲ್ಲೊಂದು ಮನೆ, ಮನೆಯ ಹಿಂದೆ ಸಣ್ಣ ಹಿತ್ತಿಲು. ಒಂದು ನಿಂಬೆಗಿಡ, ಒಂದು ನಲ್ಲಿ, ಬಟ್ಟೆ ಒಣಹಾಕುವ ತಂತಿ. ಉಳಿದದ್ದೆಲ್ಲ ಕಪ್ಪು ಮಣ್ಣು. ಏಪ್ರಿಲ್‌ನಲ್ಲಿ ಅದು ಬಿರಿದು ವಾಕರಿನ ಕಾಲು ಇಳಿಯುವಷ್ಟು ಸೀಳು ಬಿಡುತ್ತಿತ್ತು. ಜುಲೈನಲ್ಲಿ ಚಪ್ಪಲಿ ಇಟ್ಟುಕೊಂಡು ಪಾದವನ್ನಷ್ಟೇ ವಾಪಸು ಕೊಡುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಶಹಾಬಾದಿನ ಮನೆಗೆ ಬೀಗ ಹಾಕಿ ಅವ್ವ ಮಗನ ಹತ್ತಿರ ಬಂದು ಎರಡು ವರ್ಷವಾಗಿತ್ತು. ಆ ಮನೆಯಲ್ಲಿ ನೆಲ ಫರಸಿ, ಅಂಗಳ ಫರಸಿ, ಒಲೆಯ ಪಕ್ಕದ ಕಟ್ಟೆ ಫರಸಿ, ಬಟ್ಟೆ ಒಗೆಯುವುದೂ ಫರಸಿಯ ಮೇಲೆ. ಕಲಬುರಗಿಯಿಂದ ವಾಡಿಯ ಕಡೆಗೆ ರೈಲಿನಲ್ಲಿ ಹೋದವರು ನೋಡಿರುತ್ತಾರೆ, ಅಲ್ಲಿ ಹೊಲದ ಬದುವಿಗೆ ಕೂಡ ಫರಸಿಯನ್ನೇ ಹಲ್ಲಿನ ಸಾಲಿನ ಹಾಗೆ ನಿಲ್ಲಿಸಿರುತ್ತಾರೆ. ಅವ್ವನ ದಿನದ ಅರ್ಧ ಭಾಗ ಅಂಗಳದಲ್ಲೇ ಕಳೆಯುತ್ತಿತ್ತು. ಕಾಳು ಹಸನು ಮಾಡುವುದು, ಮೆಣಸಿನಕಾಯಿ ಒಣಗಿಸುವುದು, ಹೋಗಿಬರುವವರನ್ನು ಮಾತಾಡಿಸುವುದು. ಪುಣೆಯ ಮನೆಯ ಹೊಳೆಯುವ ಟೈಲ್ಸ್ ಆಕೆಗೆ ‘ಕನ್ನಡಿ ಮ್ಯಾಲ ನಡದಂಗ’ ಆಗುತ್ತಿತ್ತು. ದಿನಗಳೆದಂತೆ ಮಂಚದಿಂದ ಏಳುವುದೇ ಕಡಿಮೆಯಾಯಿತು. ನಡೆಸಿ, ಬಿಸಿಲಿಗೆ ಕೂಡಿಸಿ ಎಂದು ಡಾಕ್ಟರು ಹೇಳಿದ್ದರು. ಎಲ್ಲಿ ನಡೆಸುವುದು?

ಹಿತ್ತಿಲಿಗೆ ಕಲ್ಲು ಹಾಸುವುದೆಂದು ಮಗ ನಿರ್ಧರಿಸಿದ್ದು ಹೀಗೆ. ಕಂತ್ರಾಟದಾರನೊಬ್ಬ ಬಂದು ನೋಡಿ, ಸಿಮೆಂಟಿನ ಪೇವರ್ ಬ್ಲಾಕ್ ಹಾಕಿಕೊಡುತ್ತೇನೆ, ಎರಡು ದಿನದ ಕೆಲಸ ಎಂದ. ಮಗನಿಗೆ ಅದು ಬೇಡವಾಗಿತ್ತು. ಅವ್ವನಿಗೆ ಶಹಾಬಾದಿ ಫರಸಿಯೇ ಬೇಕು, ಅದನ್ನು ತಾನೇ ಹಾಸಬೇಕು. ವಯಸ್ಸು 54, ಕಂಪ್ಯೂಟರಿನ ಮುಂದೆ 30 ವರ್ಷ ಕೂತ ಬೆನ್ನು, ಗುದ್ದಲಿ ಹಿಡಿದು ಗೊತ್ತಿಲ್ಲದ ಕೈ. ಮಾರ್ಚ್ ತಿಂಗಳಿಡೀ ರಾತ್ರಿ ಊಟವಾದ ಮೇಲೆ ಕೂತು ವಿಡಿಯೊ ನೋಡಿದ. ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದ. 12 ಅಡಿಗೆ 14 ಅಡಿ. 2 ಅಡಿ ಚೌಕದ ಕಲ್ಲು ಹಿಡಿದರೆ ಅಡ್ಡಕ್ಕೆ 7, ಉದ್ದಕ್ಕೆ 6, ಒಟ್ಟು 42. ಬಾಗಿಲ ಮುಂದಿನ ಮೆಟ್ಟಿಲಿಗೆ 2, ಒಡೆದುಹೋಗುವುದಕ್ಕೆಂದು 4.

ಮೆಟ್ಟಿಲಿನ ಬಗ್ಗೆ ಆತ ತುಂಬ ತಲೆ ಕೆಡಿಸಿಕೊಂಡ. ಗೋಡೆಗೆ ತೇವ ಏರಬಾರದೆಂದರೆ ಹಾಸುಗಲ್ಲಿನ ಮಟ್ಟ ಮನೆಯ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಬೇಕು. ಆದರೆ ವಾಕರ್ ಹಿಡಿದವರಿಗೆ ಅರ್ಧ ಅಡಿ ಇಳಿಯುವುದೆಂದರೆ ಬಾವಿಗೆ ಇಳಿದ ಹಾಗೆ. ಕೊನೆಗೆ ಆರು ಇಂಚನ್ನು ಎರಡು ಪಾಲು ಮಾಡಿದ. ಮೊದಲು ಮೂರು ಇಂಚಿನ ಮೆಟ್ಟಿಲು, ಅಗಲ ಪೂರ್ತಿ ಎರಡು ಅಡಿ, ವಾಕರಿನ ನಾಲ್ಕೂ ಕಾಲು ಅದರ ಮೇಲೆ ನಿಲ್ಲಬೇಕು. ಅಲ್ಲಿ ನಿಂತು ಉಸಿರು ತಗೊಂಡು, ಮತ್ತೆ ಮೂರು ಇಂಚು. ಇಡೀ ನಕ್ಷೆಯಲ್ಲಿ ಮೊದಲ ಸಲಕ್ಕೇ ಸರಿಬಂದದ್ದು ಇದೊಂದೇ.

ಹೆದ್ದಾರಿಯ ಪಕ್ಕದ ಕಲ್ಲಿನ ಅಡ್ಡೆಯಲ್ಲಿ ಫರಸಿಗಳನ್ನು ಪುಸ್ತಕದ ಹಾಗೆ ಸಾಲಾಗಿ ಒರಗಿಸಿ ನಿಲ್ಲಿಸಿದ್ದರು. ಅಡ್ಡೆಯವನು ಮರಾಠಿಯಲ್ಲಿ ‘ಶಹಾಬಾದಿ ಫರಶಿ’ ಎಂದ. ಅದು ಒಂದು ಊರಿನ ಹೆಸರೆಂದು ಆತನಿಗೆ ಗೊತ್ತಿದ್ದ ಹಾಗಿರಲಿಲ್ಲ. ಪುಣೆ, ಮುಂಬೈ, ಹೈದರಾಬಾದುಗಳ ಹಳೆಯ ಮನೆಗಳಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆಲ್ಲ ಈ ಕಲ್ಲಿನ ತಂಪು ಗೊತ್ತು, ಊರು ಗೊತ್ತಿರುವವರು ಕಡಿಮೆ. ಇದು ಸುಣ್ಣದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಪದರು ಪದರಾಗಿ ಕೂತದ್ದು. ಹಾಗಾಗಿಯೇ ಪದರು ನೋಡಿ ಉಳಿ ಇಟ್ಟರೆ ರೊಟ್ಟಿ ಬಿಡಿಸಿದ ಹಾಗೆ ಹಲಗೆಯಾಗಿ ಏಳುತ್ತದೆ. ಮಗ ಪಾಲಿಶ್ ಮಾಡಿದ್ದನ್ನು ಬಿಟ್ಟು ಒರಟು ಮೈಯದ್ದನ್ನೇ ಆರಿಸಿದ, ಮಳೆಯಲ್ಲಿ ಪಾಲಿಶ್ ಕಲ್ಲು ಜಾರುತ್ತದೆ. ದಪ್ಪ ಒಂದೂವರೆ ಇಂಚು. ಅಂಥ ಒಂದೊಂದು ಕಲ್ಲೂ ಹತ್ತಿರ ಹತ್ತಿರ 35 ಕಿಲೊ ತೂಗುತ್ತದೆ.

ಛೋಟಾ ಹಾಥಿ ಗಾಡಿಯಲ್ಲಿ ಕಲ್ಲು ಬಂದ ದಿನ ಸೊಸೆ ಚಹಾ ಮಾಡಿದಳು, ಅಕ್ಕಪಕ್ಕದವರು ಇಣುಕಿ ನೋಡಿದರು. ಅವ್ವ ಮಂಚದಿಂದ ಏಳಲಿಲ್ಲ. ಚೀಲದಿಂದ ಮಗ ತೆಗೆದಿಟ್ಟ ಸುತ್ತಿಗೆ, ಉಳಿಗಳನ್ನು ನೋಡಿ ಆಕೆ ಮುಖ ಗೋಡೆಯ ಕಡೆ ತಿರುಗಿಸಿದಳು.

“ನಿಮ್ಮಪ್ಪ ಸುತ್ತಿಗಿ ಹಿಡದಿದ್ದೇ ಅದು ನಿನ್ನ ಕೈಯಾಗ ಬರಬಾರದಂತ,” ಎಂದಳು. “ರೊಕ್ಕ ಇಲ್ಲೇನು ನಿನ್ನ ಬಲ್ಲಿ?”

ಅಪ್ಪ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದವನು. ಮಗನ ನೆನಪಿನಲ್ಲಿರುವ ಅಪ್ಪ ಎಂದರೆ ಬಗ್ಗಿದ ಬೆನ್ನು, ಬೂದಿಬಣ್ಣದ ಹುಬ್ಬು, ಸಂಜೆ ಬಂದು ಅಂಗೈಗೆ ಎಣ್ಣೆ ತಿಕ್ಕಿಕೊಳ್ಳುವ ಸದ್ದು. ಕಲ್ಲಿನ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು ಅಪ್ಪ ಪದರು ಹುಡುಕುತ್ತಿದ್ದ. ಉಳಿಯನ್ನು ಸಾಲಾಗಿ ಮೆಲ್ಲಗೆ ತಟ್ಟುತ್ತ ಹೋಗುವುದು, ನಿಂತು ಕೇಳಿಸಿಕೊಳ್ಳುವುದು, ಮತ್ತೆ ತಟ್ಟುವುದು, ಕೊನೆಗೆ ಹಾರಿ ಹಾಕಿ ಎತ್ತುವುದು. ಗಣಿಗೆ ಬುತ್ತಿ ಒಯ್ದಾಗ ಮಗ ಇದನ್ನೆಲ್ಲ ದೂರದಿಂದ ನೋಡಿದ್ದನೇ ಹೊರತು ಅಪ್ಪ ಒಮ್ಮೆಯೂ ಹತ್ತಿರ ಕರೆದಿರಲಿಲ್ಲ. ಬೇಕೆಂದೇ ಕರೆದಿರಲಿಲ್ಲ. ಅವ್ವನ ಮಾತಿಗೆ ಮಗನ ಹತ್ತಿರ ಉತ್ತರವಿರಲಿಲ್ಲ. ಆದರೂ ಕೆಲಸ ನಿಲ್ಲಿಸಲಿಲ್ಲ.

ಮೇ ತಿಂಗಳ ಶನಿವಾರ, ಭಾನುವಾರಗಳೆಲ್ಲ ಅದಕ್ಕೇ ಹೋದವು. ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟಿದ. ಮೂಲೆ ನೇರ ಇದೆಯೇ ಎಂದು ನೋಡಲು ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ ಓರೆಗೆ 5 ಅಡಿ ಬರುತ್ತದೆಯೇ ಅಳೆದ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದ. ಗೋಡೆಯ ಕಡೆಯಿಂದ ಆಚೆ ಅಂಚಿಗೆ 12 ಅಡಿಯಲ್ಲಿ 2 ಇಂಚು ಇಳಿಜಾರು ಕೊಟ್ಟ. ವಿಡಿಯೊದಲ್ಲಿ ಹೇಳಿದ ಹಾಗೆ ಆರೂವರೆ ಇಂಚು ಅಗೆದು, 4 ಇಂಚು ಖಡಿ ಹಾಕಿ (ಬೆಂಗಳೂರಿನವರು ಜಲ್ಲಿ ಎನ್ನುತ್ತಾರೆ), ದಮ್ಮಸು ಹೊಡೆದು, ಮೇಲೆ 1 ಇಂಚು ಮರಳು ಹರಡಿ, ರಬ್ಬರ್ ಸುತ್ತಿಗೆಯಿಂದ ಕಲ್ಲು ಕೂರಿಸಿದ. ಖಡಿಯ ಕೆಳಗೆ ಒಂದು ಬಗೆಯ ನೇಯ್ದ ಬಟ್ಟೆ ಹಾಸಲು ವಿಡಿಯೊದವರು ಹೇಳಿದ್ದರು. ಅದನ್ನು ಬಿಟ್ಟ. ಆ ವಿಡಿಯೊಗಳೆಲ್ಲ ಚಳಿದೇಶದವು. ಅಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಕಲ್ಲನ್ನು ಎತ್ತಿಹಾಕುತ್ತದೆ, ಅದಕ್ಕೇ ಅಷ್ಟೆಲ್ಲ ಎಚ್ಚರಿಕೆ. ಪುಣೆಯಲ್ಲಿ ಎಲ್ಲಿಯ ಹಿಮ ಎಂದುಕೊಂಡ.

ಮೇ ಕೊನೆಯ ಭಾನುವಾರ 42ನೆಯ ಕಲ್ಲು ಕೂತಿತು. ಅವ್ವ ಎದ್ದು ಬಂದಳು. ಮೆಟ್ಟಿಲ ಮೇಲೆ ನಿಂತಳು, ಇಳಿದಳು, ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಪಾದ ಊರಿದಳು. ಏನೂ ಹೇಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಕರೆಯದೆಯೇ ಹೋಗಿ ನಿಂಬೆಗಿಡದ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು.

ಮಳೆ ಬಂದು ಮೂರು ವಾರಕ್ಕೆ ಗೋಡೆಯ ಬದಿಯ ಒಂದು ಕಲ್ಲು ಅಲ್ಲಾಡತೊಡಗಿತು. ಮಾಳಿಗೆಯ ನೀರು ಇಳಿಯುವ ಪೈಪು ಅಲ್ಲೇ ಬಾಯಿಬಿಟ್ಟಿತ್ತು. ಆಮೇಲೆ ಅದರ ಪಕ್ಕದ್ದು. ಜುಲೈ ಮಧ್ಯಕ್ಕೆ ಆ ಮೂಲೆಯ ಐದಾರು ಕಲ್ಲು ಮೇಲೆದ್ದು, ಒಂದರ ಅಂಚು ಇನ್ನೊಂದಕ್ಕಿಂತ ಹೆಬ್ಬೆರಳ ದಪ್ಪ ಎತ್ತರವಾಯಿತು. ಈ ಭಾನುವಾರ ಸರಿಮಾಡೋಣ, ಮುಂದಿನ ಭಾನುವಾರ ನೋಡೋಣ ಎಂದು ಮಗ ಮುಂದೂಡಿದ. ಒಂದು ಗುರುವಾರ ಆತ ಆಫೀಸಿನಲ್ಲಿದ್ದಾಗ ವಾಕರಿನ ಕಾಲು ಆ ಅಂಚಿಗೆ ಸಿಕ್ಕಿ ಅವ್ವ ಮುಗ್ಗರಿಸಿದಳು. ಎಡಗೈ ಊರಿ ಬಿದ್ದದ್ದರಿಂದ ತಲೆ ಉಳಿಯಿತು. ಮಣಿಕಟ್ಟು ಬಿರಿಯಿತು.

ಆರು ವಾರ ಪ್ಲಾಸ್ಟರ್. ಒಂದೇ ಕೈಯಲ್ಲಿ ವಾಕರ್ ಹಿಡಿಯಲಾಗುವುದಿಲ್ಲ. ಅವ್ವನನ್ನು ಮಂಚದಿಂದ ಎಬ್ಬಿಸಲೆಂದು ಮಾಡಿದ ಕೆಲಸ ಅವ್ವನನ್ನು ಮಂಚಕ್ಕೇ ಹಾಕಿತು. ಮಗ ಆ ದಿನಗಳಲ್ಲಿ ಹಿತ್ತಿಲ ಬಾಗಿಲು ತೆರೆಯಲಿಲ್ಲ. ಎಲ್ಲ ಕಿತ್ತೆಸೆದು ಕಾಂಕ್ರೀಟ್ ಸುರಿಸಿಬಿಡುತ್ತೇನೆ ಎಂದು ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ. ಸೊಸೆ, “ಅತ್ತೀನ್ನ ಒಂದು ಮಾತು ಕೇಳ್ರಿ,” ಎಂದಳು.

ಅವ್ವ ಮಲಗಿದಲ್ಲಿಂದಲೇ ಕೇಳಿದಳು, “ತೆಳಗ ಏನ್ ಅದ?”

“ಖಡಿ ಹಾಕೀನಿ ಅವ್ವ.”

“ಖಡಿ ತೆಳಗ?”

“ಮಣ್ಣು.”

“ಎರಿ ಅದ ಅನ್ನು,” ಎಂದಳು ಅವ್ವ. “ಎರಿ ನೀರು ಕುಡದ್ರ ಉಬ್ಬತದ, ಬಿಸಲಿಗಿ ಬಾಯಿ ಬಿಡತದ. ಅದರ ಮ್ಯಾಲ ನೀ ಕಲ್ಲು ಹಾಸಿದ್ರ ಸುಮ್ನ ಕೂಡತದೇನು? ಕಾಂಕ್ರೀಟ್ ಹಾಕಿದ್ರ ಅದೂ ಬಿರಿತದ. ನನ್ನ ಕೇಳಬೇಕಿತ್ತು.”

ಎರೆಮಣ್ಣಿನ ಜೇಡಿಯಲ್ಲಿ ಮಾಂಟ್ಮೊರಿಲೊನೈಟ್ ಎಂಬ ಖನಿಜವಿದೆ. ಅದರ ಹಾಳೆಗಳ ನಡುವೆ ನೀರು ಹೊಕ್ಕರೆ ಮಣ್ಣು ಹಿಗ್ಗುತ್ತದೆ, ನೀರು ಹೋದರೆ ಕುಗ್ಗುತ್ತದೆ. ಚಳಿದೇಶದಲ್ಲಿ ಹಿಮ ಮಾಡುವ ಕೆಲಸವನ್ನು ದಖ್ಖನಿನಲ್ಲಿ ಎರಿ ಮಾಡುತ್ತದೆ. ಮಗ ಕೆಲಸ ಮಾಡಿದ್ದು ಮೇ ತಿಂಗಳಲ್ಲಿ, ಮಣ್ಣು ಪೂರ್ತಿ ಒಣಗಿ ಕುಗ್ಗಿದ್ದಾಗ. ಅದಕ್ಕೆ ಆಮೇಲೆ ಉಬ್ಬುವುದೊಂದೇ ಬಾಕಿಯಿತ್ತು. ಮೇಲಾಗಿ ಮಾಳಿಗೆಯ ನೀರನ್ನೆಲ್ಲ ಒಂದೇ ಮೂಲೆಗೆ ಕುಡಿಸಿದ್ದಾಯಿತು. ಎಲ್ಲಿ ನೀರು ಹೆಚ್ಚೋ ಅಲ್ಲಿ ಹೆಚ್ಚು ಎದ್ದಿತು. ಒಂದೇ ಸಮ ಎದ್ದಿದ್ದರೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಪ್ಲಾಸ್ಟರ್ ತೆಗೆದ ಮೇಲೂ ಅವ್ವ ಕೆಲಸ ಶುರುಮಾಡಲು ಬಿಡಲಿಲ್ಲ. ದಸರಾ ಆಗಲಿ, ಮಳೆ ನಿಂತು ಮಣ್ಣು ಹದಕ್ಕೆ ಬರಲಿ ಎಂದಳು. ಹಸಿಯೂ ಅಲ್ಲದ, ಒಣಗಿಯೂ ಇಲ್ಲದ ಹದ. ದಸರಾ ಆದ ಮೊದಲ ಭಾನುವಾರ ಮಗ ಎಲ್ಲ ಕಲ್ಲು ಎತ್ತಿ ಗೋಡೆಗೆ ಒರಗಿಸಿದ. ಕೆಳಗೆ ನೋಡಿದರೆ ಅರ್ಧ ಖಡಿ ಕಾಣಲೇ ಇಲ್ಲ, ಕಡುಬಿನೊಳಗೆ ಹೂರಣ ಹೋದ ಹಾಗೆ ಮೆತ್ತನೆಯ ಮಣ್ಣಿನೊಳಗೆ ಹೊಕ್ಕುಬಿಟ್ಟಿತ್ತು. ಬೇಡವೆಂದು ಬಿಟ್ಟ ಬಟ್ಟೆಯ ಕೆಲಸ ಏನೆಂದು ಆಗ ಅರ್ಥವಾಯಿತು.

ಈ ಸಲ ಎರಿಯನ್ನು ಪೂರ್ತಿ ತೆಗೆಯಬೇಕಿತ್ತು. ಎರಡು ಅಡಿ ಅಗೆದ ಮೇಲೆ ಕೆಂಪುಕಂದು ಮುರುಮು ಸಿಕ್ಕಿತು. 168 ಚದರಡಿಗೆ ಎರಡು ಅಡಿ ಆಳ ಎಂದರೆ 336 ಘನ ಅಡಿ, ಗೌಂಡಿಗಳ ಲೆಕ್ಕದಲ್ಲಿ ಮೂರೂಕಾಲು ಬ್ರಾಸಿಗೂ ಹೆಚ್ಚು. ಪಕ್ಕದ ಓಣಿ ಮೂರು ಅಡಿ ಅಗಲ, ಯಂತ್ರ ಬರುವ ಹಾಗಿಲ್ಲ. 54ರ ಬೆನ್ನು ಒಂದು ಮೂಲೆ ಅಗೆದು ಕೈಚೆಲ್ಲಿತು. ಎಲ್ಲ ತಾನೇ ಮಾಡುತ್ತೇನೆಂಬ ಹಟ ಅಲ್ಲಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಮಜೂರರ ಅಡ್ಡೆಗೆ ಹೋಗಿ ಗಂಡ ಹೆಂಡತಿ ಇಬ್ಬರನ್ನು ಕರೆತಂದ. ಮರಾಠಿಯಲ್ಲೇ ಕೂಲಿ ಮಾತಾಡಿದ್ದ. ಹಿತ್ತಿಲಿಗೆ ಬಂದು ಆ ಹೆಂಗಸು ಗಂಡನಿಗೆ ಏನೋ ಹೇಳಿದ್ದು ಅವ್ವನ ಕಿವಿಗೆ ಬಿತ್ತು.

“ಯಾವ ಊರವ್ವ ನಿಂದು?”

“ಸುರಪುರ ಕಡಿ ರಿ ಯವ್ವಾ.”

ಪುಣೆಯ ಯಾವುದೇ ಕಟ್ಟಡದ ಕೆಳಗೆ ನಿಂತು ಕಿವಿಗೊಟ್ಟರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ, ಎರಡು ವರ್ಷದಲ್ಲಿ ಅವ್ವ ಅಷ್ಟು ಮಾತಾಡಿದ್ದನ್ನು ಮನೆಯವರು ಕೇಳಿರಲಿಲ್ಲ. ಮಳೆ, ಬೆಳೆ, ತೊಗರಿಯ ರೇಟು, ಮಕ್ಕಳನ್ನು ಊರಲ್ಲಿ ಯಾರ ಹತ್ತಿರ ಬಿಟ್ಟು ಬಂದಿದ್ದಾರೆ, ಸಾಲಿಗೆ ಹೋಗುತ್ತಾವೋ ಇಲ್ಲವೋ. ಮಧ್ಯಾಹ್ನ ಅವರು ಹೊರಗೆ ಮಣ್ಣಿನ ಗುಡ್ಡೆಯ ಮೇಲೆ ಬುತ್ತಿ ಬಿಚ್ಚಿದ್ದನ್ನು ನೋಡಿ ಅವ್ವ ಸಿಟ್ಟಾದಳು. ನಾಲ್ಕು ದಿನವೂ ಅವರ ಊಟ ಒಳಗೆ, ಅವ್ವನ ಜೊತೆಗೆ. ಕೂಲಿಯ ವಿಷಯದಲ್ಲೂ ಅವ್ವ ಬಾಯಿ ಹಾಕಿದಳು. ಮಗ ಒಪ್ಪಿಕೊಂಡದ್ದಕ್ಕಿಂತ ದಿನಕ್ಕೆ ನೂರು ರೂಪಾಯಿ ಮೇಲೆ. ಗಣಿಯ ಮಂದಿ ತನ್ನ ಗಂಡನ ಕೂಲಿ ಮುರಿದುಕೊಳ್ಳುತ್ತಿದ್ದುದು ಆಕೆಗೆ ಇನ್ನೂ ಮರೆತಿರಲಿಲ್ಲ.

ಅಗೆತ ಮುಗಿದ ಸಂಜೆ ಆ ಗಂಡಸು ಗುಂಡಿಯ ಅಂಚಿಗೆ ಕೂತು ಬೀಡಿ ಹಚ್ಚಿ ಒಂದು ಪ್ರಶ್ನೆ ಕೇಳಿದ. “ಸಾಹೇಬ್ರ, ಇದರಾಗ ನೀರು ಇಳಿದ್ರ ಎಲ್ಲಿಗಿ ಹೋಗಬೇಕ್ರಿ?”

ಮಗ ಅದನ್ನು ಯೋಚಿಸಿಯೇ ಇರಲಿಲ್ಲ. ಸುತ್ತ ನೀರು ಬಿಡದ ಎರಿಯ ಗೋಡೆ, ನಡುವೆ ನೀರು ಇಳಿಯುವ ಮುರುಮು ತುಂಬಿದ ಗುಂಡಿ. ಅದು ಮಳೆಗಾಲದಲ್ಲಿ ತೊಟ್ಟಿಯಾಗುತ್ತದೆ. ಮತ್ತೊಂದು ದಿನ ಅದಕ್ಕೆ ಹೋಯಿತು. ಗುಂಡಿಯ ತಳಕ್ಕೂ ಆಚೆ ಅಂಚಿನ ಕಡೆಗೆ ಇಳಿಜಾರು ಕೊಟ್ಟು, ತೂತು ಕೊರೆದ ಪೈಪೊಂದನ್ನು ತಗ್ಗಿನಲ್ಲಿ ಹಾಸಿ, ಅದರ ಬಾಯನ್ನು ಹಿಂದಿನ ಆಳವಾದ ಮಳೆನೀರಿನ ಗಟಾರಕ್ಕೆ ಮುಟ್ಟಿಸಿದರು. ಮಾಳಿಗೆಯ ಪೈಪನ್ನೂ ಉದ್ದ ಮಾಡಿ ಅಲ್ಲಿಗೇ ಒಯ್ದರು.

ಆಮೇಲೆ ತುಂಬುವುದು. ಮುರುಮು ಮೂರು ಪದರಿನಲ್ಲಿ, ಒಟ್ಟು 16 ಇಂಚು. ಪ್ರತಿ ಪದರಿಗೂ ನೀರು ಚಿಮುಕಿಸಿ ದಮ್ಮಸು. ಹಿಮ್ಮಡಿ ಒತ್ತಿ ತಿರುಗಿಸಿದರೆ ಗುರುತು ಬೀಳಬಾರದು, ಅಲ್ಲಿಯ ತನಕ. ಅದರ ಮೇಲೆ ಬಟ್ಟೆ, 5 ಇಂಚು ಖಡಿ, ಒಂದೂವರೆ ಇಂಚು ಕ್ರಷ್ ಸ್ಯಾಂಡ್. ಸುತ್ತಲಿನ ಅಂಚು ಸರಿಯದ ಹಾಗೆ ಏನು ಮಾಡುವುದೆಂದು ಮಗ ಸಿಮೆಂಟ್ ಚೀಲ ಎಣಿಸುತ್ತಿದ್ದಾಗ ಅವ್ವ, “ಹೊಲದ ಬದುವಿಗಿ ನಿಂದ್ರಸತಾರಲ್ಲ, ಹಂಗ ನಿಂದ್ರಸು,” ಎಂದಳು. ಅಡ್ಡೆಯಿಂದ ಒಂದು ಅಡಿ ಅಗಲದ ಫರಸಿ ಪಟ್ಟಿ ತಂದು ಸುತ್ತಲೂ ಮುಕ್ಕಾಲು ಭಾಗ ನೆಲದಲ್ಲಿ ಹುಗಿದು ನಿಲ್ಲಿಸಿದ. ಗಿಡದ ಕಡೆಗಷ್ಟೇ ಬೇರು ತಾಗುತ್ತದೆಂದು ಮೇಲೆ ಮೇಲೆ ಹುಗಿದ.

ಕಲ್ಲು ಹಾಸುವ ಮೊದಲು ಅವ್ವ ಕುರ್ಚಿ ಹಾಕಿಸಿಕೊಂಡು ಕೂತಳು. ಒಂದೊಂದನ್ನೂ ಎತ್ತಿ ಹಿಡಿಸಿ, ಸಣ್ಣ ಸುತ್ತಿಗೆಯಿಂದ ಬಡಿಯಲು ಹೇಳಿದಳು. ಟಣ್ ಎಂದರೆ ಇಡು. ಥಪ್ ಎಂದರೆ ಒಳಗೆ ಪದರು ಬಿಟ್ಟಿದೆ, ಆಚೆ ಹಾಕು. ಮೊದಲ ಐದಾರರಲ್ಲಿ ಮಗನಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಹತ್ತಾದ ಮೇಲೆ ತಿಳಿಯತೊಡಗಿತು. ಇಪ್ಪತ್ತಾದ ಮೇಲೆ ಅವ್ವ ಬಾಯಿ ತೆರೆಯುವ ಮೊದಲೇ ಆತ ಹೇಳುತ್ತಿದ್ದ. ಅಪ್ಪ ನಿಂತು ಕೇಳಿಸಿಕೊಳ್ಳುತ್ತಿದ್ದುದು ಇದನ್ನೇ.

“ನಿಮ್ಮಪ್ಪ ಹಿಂಗಲ್ಲ, ಸುತ್ತಿಗಿ ಸಡ್ಲ ಹಿಡಿತಿದ್ದ,” ಎಂದಳು ಅವ್ವ. “ಬಿಗಿ ಹಿಡದ್ರ ಕೈ ನೋಯತದ.”

ಏಳು ಕಲ್ಲು ಥಪ್ ಎಂದವು. ಉಳಿಸಿದ್ದ ನಾಲ್ಕನ್ನು ಹಾಕಿ, ಇನ್ನು ಮೂರು ತರಲು ಹೋದಾಗ ಮಗ ಅಡ್ಡೆಯಲ್ಲೇ ಬಡಿದು ನೋಡಿ ಆರಿಸಿದ. ಅಡ್ಡೆಯವನು ಬೇರೆ ಗಿರಾಕಿಯನ್ನು ಬಿಟ್ಟು ಬಂದು ನಿಂತು ನೋಡಿದ. ಸಂದುಗಳನ್ನು ಈ ಸಲ ಕಿರಿದು ಮಾಡಿ, ವಾಕರಿನ ರಬ್ಬರ್ ತುದಿ ಇಳಿಯದ ಹಾಗೆ ಸಣ್ಣ ಪುಡಿ ಗುಡಿಸಿ ತುಂಬಿದ. ದೀಪಾವಳಿಗೆ ಎರಡು ದಿನ ಮುಂಚೆ ಕೆಲಸ ಮುಗಿಯಿತು. ಸೊಸೆ ಮೆಟ್ಟಿಲ ಎರಡೂ ಬದಿಗೆ ಹಣತೆ ಇಟ್ಟಳು.

ಆ ಚಳಿಗಾಲವಿಡೀ ಅವ್ವ ಬೆಳಗಿನ ಬಿಸಿಲು ಅಲ್ಲೇ ಕಾಯಿಸಿಕೊಂಡಳು. ಮನೆಯೊಳಗೆ ಕೂತವರಿಗೆ ವಾಕರಿನ ಸದ್ದಿನಿಂದಲೇ ಅವ್ವ ಯಾವ ಕಲ್ಲಿನ ಮೇಲಿದ್ದಾಳೆಂದು ಗೊತ್ತಾಗತೊಡಗಿತು. ಮಾಘದಲ್ಲಿ ನಿಂಬೆಹಣ್ಣು ಕೊಯ್ಯಿಸಿ ಅಲ್ಲೇ ಕೂತು ಉಪ್ಪಿನಕಾಯಿಗೆ ಹೆಚ್ಚಿದಳು. ರಸ ಬಿದ್ದಲ್ಲಿ ಕಲ್ಲು ಬೆಳ್ಳಗೆ ಮಂಕಾಯಿತು. ಸುಣ್ಣದ ಕಲ್ಲಿಗೆ ಹುಳಿ ಆಗದು, ತೊಳೆದರೂ ತಿಕ್ಕಿದರೂ ಹೋಗದು. ಮಗ ಅದನ್ನು ನೋಡಿ ಹಲ್ಲು ಕಚ್ಚಿದ, ಏನೂ ಅನ್ನಲಿಲ್ಲ.

ಜೂನ್ ಮೊದಲ ದೊಡ್ಡ ಮಳೆ ರಾತ್ರಿ ಹನ್ನೊಂದಕ್ಕೆ ಬಂತು. ಮಗ ಬ್ಯಾಟರಿ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತ. ನೀರು ಕಲ್ಲಿನ ಮೇಲೆ ತೆಳ್ಳಗೆ ಹರಡಿ ಗೋಡೆ ಬಿಟ್ಟು ಆಚೆಗೆ ಹೋಗುತ್ತಿತ್ತು. ಗಟಾರದ ಕಡೆ ಪೈಪಿನ ಬಾಯಲ್ಲಿ ಸಣ್ಣ ಧಾರೆ ಬೀಳುವ ಸದ್ದು. ಸೊಸೆ ಎರಡು ಸಲ ಕರೆದ ಮೇಲೆ ಒಳಗೆ ಹೋದ. ಜುಲೈ ಕಳೆಯಿತು, ಆಗಸ್ಟ್ ಕಳೆಯಿತು. ಪ್ರತಿ ಭಾನುವಾರ ಆತ ಮಂಡಿಯೂರಿ ಕಲ್ಲುಗಳ ಮೇಲೆ ಮಟ್ಟದ ಪಟ್ಟಿ ಇಟ್ಟು ನೋಡುತ್ತಿದ್ದ. ಯಾವುದೂ ಎದ್ದಿರಲಿಲ್ಲ. ಆಚೆ ಅಂಚಿನಲ್ಲಿ, ನಿಂಬೆಗಿಡದ ಕಡೆಗೆ, ಎರಡು ಕಲ್ಲು ಮಾತ್ರ ಒಂದು ಕಾಲು ಇಂಚು ಕೂತಿದ್ದವು.

ಅವ್ವನಿಗೆ ಅದು ಆಗಲೇ ಗೊತ್ತಿತ್ತು, ಸದ್ದು ಬೇರೆಯಾಗಿತ್ತು. ಮಗ ಹಾರಿ ತರಲು ಹೊರಟದ್ದನ್ನು ನೋಡಿ ಕುರ್ಚಿಯಿಂದಲೇ ತಡೆದಳು.

“ಈಗ ಮಳ್ಯಾಗ ಮುಟ್ಟಬ್ಯಾಡ. ದಸರಾ ಆಗಲಿ, ಎತ್ತಿ ಹಾಸಿದ್ರಾತು.”